ಒಟಿಪಿ ಬರಲೇ ಇಲ್ಲ, ಆದರೂ ಜಿಮೇಲ್ ಕೈತಪ್ಪಿತು: ಬಾಡಿಗೆ ಮಾಲ್‌ವೇರಿನ ವ್ಯಾಪಾರ ಮತ್ತು ಈಗ ಮಾಡಬೇಕಾದ ಕೆಲಸ

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಟ್ಯಾಕ್ಸ್ ಕಚೇರಿ. ನಾಲ್ಕು ಕಂಪ್ಯೂಟರು, ಮೂವರು ಸಿಬ್ಬಂದಿ. ಹೋದ ತಿಂಗಳು ನಮ್ಮ ಹುಡುಗನೊಬ್ಬ ಯಾವುದೋ ಪಿಡಿಎಫ್ ಎಡಿಟರಿನ ಕ್ರ್ಯಾಕ್ (ದುಡ್ಡು ಕೊಡದೆ ಬಳಸಲು ಬೀಗ ಮುರಿದ ನಕಲು) ಇಳಿಸಿಕೊಂಡ. ಅದು ಇನ್‌ಸ್ಟಾಲ್ ಆಗಲೇ ಇಲ್ಲ, ಅವನೂ ಮರೆತುಬಿಟ್ಟ. ಮೂರನೇ ದಿನ ಕಚೇರಿಯ ಜಿಮೇಲ್‌ನಿಂದ ಗ್ರಾಹಕರಿಗೆಲ್ಲ ‘ಫೀಸನ್ನು ಈ ಹೊಸ ಖಾತೆಗೆ ಹಾಕಿ’ ಎಂದು ಮೇಲ್ ಹೋಗಿದೆ. ಎರಡು ಹಂತದ ಭದ್ರತೆ ಆನ್ ಇತ್ತು, ನನ್ನ ಫೋನಿಗೆ ಒಟಿಪಿ ಬಂದೇ ಇಲ್ಲ. ಪಾಸ್‌ವರ್ಡ್ ಬದಲಿಸಿದೆ; ಎರಡು ದಿನ ಬಿಟ್ಟು ಮತ್ತೆ ಅದೇ ಕಥೆ. ದುಡ್ಡು ಕೊಟ್ಟು ಹಾಕಿಸಿದ ಆಂಟಿವೈರಸ್ ‘ಎಲ್ಲ ಸರಿಯಿದೆ’ ಎನ್ನುತ್ತಿದೆ. ಇಂಥ ವೈರಸ್ ತಿಂಗಳ ಬಾಡಿಗೆಗೆ ಸಿಗುತ್ತದಂತೆ, ನಿಜವೇ? ನಾವೀಗ ಏನು ಮಾಡಬೇಕು? ಆ ಹುಡುಗನನ್ನು ಕೆಲಸದಿಂದ ಬಿಡಿಸಬೇಕೇ?

ಉತ್ತರ: ಮುಂದೆ ಓದುವುದಕ್ಕೆ ಮೊದಲು ಎದ್ದು ಹೋಗಿ ಮೂರು ಕೆಲಸ ಮಾಡಿ ಬನ್ನಿ. ಕ್ರ್ಯಾಕ್ ತೆರೆದ ಕಂಪ್ಯೂಟರಿಗೆ ಡಿಎಸ್‌ಸಿ ಟೋಕನ್ (ಡಿಜಿಟಲ್ ಸಹಿಯ ಯುಎಸ್‌ಬಿ ಕಡ್ಡಿ) ಚುಚ್ಚಿದ್ದರೆ ಕಿತ್ತು ಬೀರುವಿನಲ್ಲಿಡಿ. ಇಂಟರ್ನೆಟ್ ಕೇಬಲ್ ತೆಗೆಯಿರಿ, ವೈಫೈ ಆಫ್ ಮಾಡಿ. ಇನ್ನು ಮುಂದೆ ಆ ಯಂತ್ರದಲ್ಲಿ ಕೂತು ಒಂದೇ ಒಂದು ಪಾಸ್‌ವರ್ಡನ್ನೂ ಬದಲಿಸಬೇಡಿ.

ನಿಮ್ಮ ಪಾಸ್‌ವರ್ಡನ್ನು ಯಾರೂ ಮುರಿದಿಲ್ಲ. ಒಟಿಪಿಯನ್ನೂ ದಾಟಿಲ್ಲ, ಅದು ಬೇಕಾಗಲೇ ಇಲ್ಲ. ಕದ್ದದ್ದು ನೀವು ಆಗಲೇ ಲಾಗಿನ್ ಆಗಿದ್ದ ಸ್ಥಿತಿಯನ್ನು. ಜಿಮೇಲ್‌ಗೆ ಒಮ್ಮೆ ಪಾಸ್‌ವರ್ಡ್, ಒಟಿಪಿ ಎರಡೂ ಕೊಟ್ಟ ಮೇಲೆ ಗೂಗಲ್ ನಿಮ್ಮ ಬ್ರೌಸರಿಗೆ ಕುಕಿ ಎಂಬ ಸಣ್ಣ ಗುರುತಿನ ಚೀಟಿ ಕೊಡುತ್ತದೆ. ಆಮೇಲೆ ಪ್ರತಿ ಸಲವೂ ಆ ಕುಕಿ ನೋಡಿಯೇ ಒಳಗೆ ಬಿಡುತ್ತದೆ. ಬಸ್ ಪಾಸ್ ಇದ್ದ ಹಾಗೆ. ಪಾಸ್ ಮಾಡಿಸುವ ದಿನ ಆಧಾರ್, ಫೋಟೊ, ಅರ್ಜಿ ಎಲ್ಲ ಬೇಕು. ಬಸ್ಸಿನಲ್ಲಿ ಕಂಡಕ್ಟರ್ ನೋಡುವುದು ಪಾಸನ್ನು ಮಾತ್ರ. ಆ ಪಾಸಿನ ಪಡಿಯಚ್ಚು ಇನ್ನೊಬ್ಬನ ಕೈಗೆ ಸಿಕ್ಕಿದರೆ ಅವನೂ ಹತ್ತಿ ಕೂರುತ್ತಾನೆ. ಹೀಗೆ ಬ್ರೌಸರಿನ ಕುಕಿ, ಉಳಿಸಿಟ್ಟ ಪಾಸ್‌ವರ್ಡು, ತಾನಾಗಿ ತುಂಬಿಕೊಳ್ಳುವ ಫಾರ್ಮಿನ ವಿವರಗಳನ್ನೆಲ್ಲ ಬಾಚಿಕೊಂಡು ಹೋಗುವ ಮಾಲ್‌ವೇರಿಗೆ (ಕೇಡಿನ ಸಾಫ್ಟ್‌ವೇರಿಗೆ) ಆ ವ್ಯಾಪಾರದಲ್ಲಿ ‘ಸ್ಟೀಲರ್’ ಎಂದೇ ಹೆಸರು. ನಿಮ್ಮ ಹುಡುಗ ತೆರೆದದ್ದು ಬಹುಮಟ್ಟಿಗೆ ಇದನ್ನೇ. ‘ಇನ್‌ಸ್ಟಾಲ್ ಆಗಲೇ ಇಲ್ಲ’ ಎಂದು ಬರೆದಿದ್ದೀರಲ್ಲ, ಅದೇ ಅದರ ಗುರುತು. ಕೆಲಸ ಮುಗಿಸಿತ್ತು, ತೋರಿಸಲು ಪಿಡಿಎಫ್ ಎಡಿಟರ್ ಇರಲಿಲ್ಲ.

ಬಾಡಿಗೆಯ ಲೆಕ್ಕ

ನೀವು ಕೇಳಿದ ಮಾತು ನಿಜ. ಬಾಡಿಗೆಗೆ ಸಿಗುತ್ತದೆ, ರೇಟ್ ಪಟ್ಟಿ ಸಮೇತ. 2022ರಿಂದ ಮಾರಾಟವಾಗುತ್ತಿರುವ ಲುಮ್ಮಾ ಎಂಬ ಸ್ಟೀಲರಿನ ಚಂದಾ ತಿಂಗಳಿಗೆ 250ರಿಂದ 1,000 ಡಾಲರ್ ಇತ್ತು. ಮೂಲ ಕೋಡನ್ನೇ ಕೊಳ್ಳುವವರಿಗೆ 20,000 ಡಾಲರ್. ಅದಕ್ಕೂ ಮುಂಚೆ, 2019ರಲ್ಲಿ ಬಂದ ರಕೂನ್ ತಿಂಗಳಿಗೆ ಸುಮಾರು 200 ಡಾಲರಿಗೆ ಸಿಗುತ್ತಿತ್ತು. ಚಂದಾದಾರನಿಗೆ ಕೋಡ್ ಬರೆಯಲು ಬರಬೇಕಿಲ್ಲ. ಅವನಿಗೆ ಒಂದು ‘ಬಿಲ್ಡರ್’ ಸಿಗುತ್ತದೆ; ಅದರಲ್ಲಿ ಗುಂಡಿ ಒತ್ತಿದರೆ ಅವನದೇ ಗುರುತುಸಂಖ್ಯೆ ಇರುವ ಹೊಸ ಫೈಲ್ ತಯಾರು. ಕದ್ದ ಮಾಲು ಬಂದು ಬೀಳಲು ವೆಬ್ ಪ್ಯಾನೆಲ್ ಇರುತ್ತದೆ. ಸಮಸ್ಯೆ ಬಂದರೆ ಟೆಲಿಗ್ರಾಂನಲ್ಲಿ ಸಹಾಯವೂ ಉಂಟು.

ಇದೇನೂ ನಿನ್ನೆ ಮೊನ್ನೆಯ ಕಸುಬಲ್ಲ. ಬ್ಯಾಂಕ್ ಲಾಗಿನ್ ಕದಿಯುತ್ತಿದ್ದ ಜ್ಯೂಸ್ ಮಾಲ್‌ವೇರಿನ ಕೋಡ್ 2011ರಲ್ಲಿ ಸೋರಿಕೆಯಾದ ಮೇಲೆ ಅದರ ಮರಿಗಳು ಹತ್ತಾರು ಹುಟ್ಟಿದವು. ಬ್ರೌಸರಿನ ದೋಷಗಳ ಮೂಲಕ ಮಾಲ್‌ವೇರ್ ನುಗ್ಗಿಸುವ ಬ್ಲ್ಯಾಕ್‌ಹೋಲ್ ಎಂಬ ಕಿಟ್ ವರ್ಷಕ್ಕೆ 1,500 ಡಾಲರಿಗೆ ಬಾಡಿಗೆಗಿತ್ತು. ಅದನ್ನು ನಡೆಸುತ್ತಿದ್ದವನು 2013ರಲ್ಲಿ ರಷ್ಯಾದಲ್ಲಿ ಸಿಕ್ಕಿಬಿದ್ದ. ಬೇರೆಯವರ ಕಂಪ್ಯೂಟರನ್ನು ದೂರದಿಂದ ಆಡಿಸುವ ಬ್ಲ್ಯಾಕ್‌ಶೇಡ್ಸ್ ಅನ್ನು 40 ಡಾಲರಿಗೆ ಮಾರುತ್ತಿದ್ದರು. 2014ರ ಮೇನಲ್ಲಿ ಅದರ ಮೇಲೆ ದಾಳಿಯಾದಾಗ ಹಲವು ದೇಶಗಳಲ್ಲಿ 90ಕ್ಕೂ ಹೆಚ್ಚು ಜನರ ಬಂಧನವಾಯಿತು, ಅರ್ಧ ಮಿಲಿಯನ್‌ಗೂ ಹೆಚ್ಚು ಕಂಪ್ಯೂಟರುಗಳಿಗೆ ಅದು ಹೊಕ್ಕಿದ್ದು ಗೊತ್ತಾಯಿತು.

ಬದಲಾಗಿದ್ದು ಕೆಲಸದ ಹಂಚಿಕೆ. ಸ್ಟೀಲರ್ ಬರೆಯುವವನೊಬ್ಬ. ಅದನ್ನು ಚಂದಾ ಕಟ್ಟಿ ಪಡೆದು ಜನರಿಗೆ ತಲುಪಿಸುವವರು ಬೇರೆ. ಕ್ರ್ಯಾಕ್ ಸೈಟು, ಯೂಟ್ಯೂಬ್ ವಿಡಿಯೊದ ಕೆಳಗಿನ ಲಿಂಕು, ಸರ್ಚ್ ಫಲಿತಾಂಶದ ಮೇಲುಗಡೆ ಬರುವ ನಕಲಿ ಜಾಹೀರಾತು ಇವರ ಕೈವಾಡ. ಆಂಟಿವೈರಸ್‌ಗೆ ಗೊತ್ತಾಗದಂತೆ ಫೈಲಿಗೆ ಹೊಸ ಹೊದಿಕೆ ಹೊದಿಸಿಕೊಡುವವನು ಇನ್ನೊಬ್ಬ. ಅವನ ಸರಕಿಗೆ ‘ಕ್ರಿಪ್ಟರ್’ ಎನ್ನುತ್ತಾರೆ. ಪೊಲೀಸರ ಪತ್ರಕ್ಕೆ ಉತ್ತರ ಕೊಡದ ಸರ್ವರ್ ಬಾಡಿಗೆ ಕೊಡುವವನು ಮತ್ತೊಬ್ಬ. ಕದ್ದ ಮಾಲನ್ನು ಸಗಟಾಗಿ, ಚಿಲ್ಲರೆಯಾಗಿ ಮಾರುವ ಅಂಗಡಿಗಳು ಪ್ರತ್ಯೇಕ. ಕೊನೆಗೆ ಅದನ್ನು ಕೊಂಡು ನಿಮ್ಮ ಗ್ರಾಹಕರಿಗೆ ಮೇಲ್ ಕಳಿಸಿದವನಿದ್ದಾನಲ್ಲ, ಅವನು ಮಾಲ್‌ವೇರನ್ನು ಕಣ್ಣಲ್ಲೂ ನೋಡಿರಲಾರ. ಕ್ರ್ಯಾಕ್ ತೆರೆದದ್ದಕ್ಕೂ ಮೇಲ್ ಹೋದದ್ದಕ್ಕೂ ನಡುವೆ ಮೂರು ದಿನ ಹಿಡಿದದ್ದು ಇದಕ್ಕೇ ಇರಬೇಕು. ಮಾಲು ಕೈಯಿಂದ ಕೈಗೆ ದಾಟುತ್ತಿತ್ತು.

ಆ ಮಾಲು ಹೇಗಿರುತ್ತದೆ? ಒಂದು ಕಂಪ್ಯೂಟರಿನಿಂದ ಕದ್ದದ್ದೆಲ್ಲ ಸೇರಿ ಒಂದು ಜಿಪ್ ಫೈಲು. ಇದಕ್ಕೆ ‘ಲಾಗ್’ ಎಂದು ಹೆಸರು. ಸಾಮಾನ್ಯವಾಗಿ ಫೋಲ್ಡರಿನ ಹೆಸರಿನಲ್ಲೇ ದೇಶದ ಸಂಕೇತವಿರುತ್ತದೆ. ಬಿಚ್ಚಿದರೆ ಪಾಸ್‌ವರ್ಡುಗಳ ಒಂದು ಪಠ್ಯ ಫೈಲು. ಅದರಲ್ಲಿ ಸೈಟಿನ ವಿಳಾಸ, ಯೂಸರ್‌ನೇಮ್, ಪಾಸ್‌ವರ್ಡ್ ಹೀಗೆ ಮೂರು ಮೂರು ಸಾಲು. ಪ್ರತಿ ಬ್ರೌಸರಿನ ಕುಕಿಗೆ ಒಂದೊಂದು ಫೈಲು. ಫಾರ್ಮಿನಲ್ಲಿ ತುಂಬಿದ ಹೆಸರು, ಫೋನು, ಪ್ಯಾನ್ ಸಂಖ್ಯೆಗಳ ಇನ್ನೊಂದು ಫೈಲು. ಯಂತ್ರದಲ್ಲಿ ಯಾವ ಯಾವ ಸಾಫ್ಟ್‌ವೇರ್ ಇವೆ ಎಂಬ ಪಟ್ಟಿ. ಜೊತೆಗೆ ಆ ಕ್ಷಣದ ಪರದೆಯ ಚಿತ್ರ ಒಂದು. ಆ ಚಿತ್ರದಲ್ಲಿ ಕ್ರ್ಯಾಕ್ ಇಳಿಸಿಕೊಂಡ ಪುಟ ಇನ್ನೂ ತೆರೆದೇ ಇರುವುದು ತೀರಾ ಸಾಮಾನ್ಯ. ನಿಮ್ಮಂಥ ಕಚೇರಿಯ ಲಾಗ್‌ನಲ್ಲಿ ಹತ್ತಾರು ಗ್ರಾಹಕರ ಆದಾಯ ತೆರಿಗೆ, ಜಿಎಸ್‌ಟಿ ಲಾಗಿನ್‌ಗಳು ಸಾಲಾಗಿ ಕೂತಿರುತ್ತವೆ. ಮನೆಯ ಕಂಪ್ಯೂಟರಿಗಿಂತ ನಿಮ್ಮದು ಬೆಲೆಬಾಳುವ ಸರಕು.

ಲಾಗ್‌ಗಳ ಚಿಲ್ಲರೆ ಅಂಗಡಿಗಳಲ್ಲಿ ಹೆಸರುವಾಸಿಯಾದದ್ದು ಜೆನೆಸಿಸ್ ಮಾರ್ಕೆಟ್. ಕದ್ದ ಕುಕಿಯ ಜೊತೆಗೆ ನಿಮ್ಮ ಬ್ರೌಸರಿನ ಚಹರೆಯನ್ನೇ ಅನುಕರಿಸುವ ಪ್ಲಗ್‌ಇನ್‌ಅನ್ನೂ ಅದು ಕೊಡುತ್ತಿತ್ತು. ಒಂದು ಕಂಪ್ಯೂಟರಿನ ಮಾಲಿಗೆ ಬೆಲೆ 1 ಡಾಲರಿಗೂ ಕಡಿಮೆಯಿಂದ ಹಿಡಿದು ಕೆಲವು ನೂರು ಡಾಲರ್‌ವರೆಗೆ. 2023ರ ಏಪ್ರಿಲ್‌ನಲ್ಲಿ 17 ದೇಶಗಳ ಪೊಲೀಸರು ಸೇರಿ ಅದನ್ನು ಮುಚ್ಚಿಸಿದಾಗ 15 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಂದ ಕದ್ದ 8 ಕೋಟಿಗೂ ಮೀರಿದ ಲಾಗಿನ್‌ಗಳು ಅಲ್ಲಿದ್ದವು. ಕಾರ್ಯಾಚರಣೆಗೆ ಅವರಿಟ್ಟ ಹೆಸರು ‘ಕುಕಿ ಮಾನ್‌ಸ್ಟರ್’.

ಪೊಲೀಸರು ಸುಮ್ಮನೆ ಕೂತಿಲ್ಲ. ರಕೂನ್‌ನ ಮುಖ್ಯ ಆರೋಪಿಯೊಬ್ಬ 2022ರ ಮಾರ್ಚಿನಲ್ಲಿ ನೆದರ್ಲೆಂಡ್ಸ್‌ನಲ್ಲಿ ಸೆರೆಯಾದ. ಮಾರಾಟಗಾರರು ಮಾತ್ರ ‘ನಮ್ಮ ಡೆವಲಪರ್ ಯುಕ್ರೇನ್ ಯುದ್ಧದಲ್ಲಿ ಹೋಗಿಬಿಟ್ಟ’ ಎಂದು ಗಿರಾಕಿಗಳಿಗೆ ಸಾರಿ ಅಂಗಡಿ ಮುಚ್ಚಿದರು. ಕೆಲವೇ ತಿಂಗಳಲ್ಲಿ ಹೊಸ ಆವೃತ್ತಿಯೊಂದಿಗೆ ಮತ್ತೆ ಬಾಗಿಲು ತೆರೆದರು. ಆ ಆರೋಪಿಗೆ 2024ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ 5 ವರ್ಷ ಶಿಕ್ಷೆಯಾಯಿತು. 2024ರ ಅಕ್ಟೋಬರಿನಲ್ಲಿ ಡಚ್ ಪೊಲೀಸರು ರೆಡ್‌ಲೈನ್, ಮೆಟಾ (ಫೇಸ್‌ಬುಕ್ಕಿನ ಕಂಪನಿಯಲ್ಲ) ಎಂಬ ಎರಡು ಸ್ಟೀಲರುಗಳ ಸರ್ವರುಗಳನ್ನು ಹಿಡಿದರು. 2025ರ ಮೇನಲ್ಲಿ ಮೈಕ್ರೋಸಾಫ್ಟ್ ನ್ಯಾಯಾಲಯದ ಆದೇಶ ತಂದು ಲುಮ್ಮಾದ ಸುಮಾರು 2,300 ಡೊಮೇನ್‌ಗಳನ್ನು (ಸೈಟಿನ ವಿಳಾಸಗಳನ್ನು) ಮುಟ್ಟುಗೋಲು ಹಾಕಿಸಿತು; ಅದಕ್ಕೆ ಹಿಂದಿನ ಎರಡೇ ತಿಂಗಳಲ್ಲಿ ಅದು ಜಗತ್ತಿನಲ್ಲಿ 3,94,000 ವಿಂಡೋಸ್ ಕಂಪ್ಯೂಟರುಗಳಿಗೆ ಹೊಕ್ಕಿತ್ತು. ಕೆಲವೇ ವಾರಗಳಲ್ಲಿ ಲುಮ್ಮಾ ಮತ್ತೆ ಚಲಾವಣೆಗೆ ಬಂತು. ಅಂಗಡಿ ಮುಚ್ಚಿದ ಸುದ್ದಿ ಓದಿ ನಿರಾಳವಾಗಬೇಡಿ. ಒಮ್ಮೆ ಮಾರಾಟವಾದ ಲಾಗ್ ಹಳಸುವುದೂ ಇಲ್ಲ. 2024ರಲ್ಲಿ ಸ್ನೋಫ್ಲೇಕ್ ಎಂಬ ದತ್ತಾಂಶ ಸೇವೆಯ ಸುಮಾರು 165 ಗ್ರಾಹಕ ಸಂಸ್ಥೆಗಳಿಗೆ ಅಪಾಯ ತಂದದ್ದು ಸ್ಟೀಲರುಗಳು ಕದ್ದ ಲಾಗಿನ್‌ಗಳೇ, ಅವುಗಳಲ್ಲಿ ಕೆಲವು 2020ರ ನವೆಂಬರಿನಷ್ಟು ಹಳೆಯವು. ಮೂರೂವರೆ ವರ್ಷ ಯಾರೂ ಪಾಸ್‌ವರ್ಡ್ ಬದಲಿಸಿರಲಿಲ್ಲ.

ಆಂಟಿವೈರಸ್ ಏಕೆ ಬಾಯಿ ಬಿಡಲಿಲ್ಲ

ನಿಮ್ಮ ಆಂಟಿವೈರಸ್ ಕೆಟ್ಟದ್ದು ಎಂದು ಬೈಯಬೇಡಿ. ಅದನ್ನು ದಾಟುವುದೇ ಒಂದು ಮಾರಾಟದ ಸೇವೆ ಎಂದು ಆಗಲೇ ಹೇಳಿದೆ. ಹೊದಿಕೆ ಬದಲಾದ ಫೈಲಿಗೆ ಮೊದಲ ಕೆಲವು ಗಂಟೆ ಯಾವ ಕಂಪನಿಯ ಬಳಿಯೂ ಗುರುತು ಇರುವುದಿಲ್ಲ, ಅಷ್ಟು ಹೊತ್ತು ಸಾಕು. ಜೊತೆಗೆ ಹಳ್ಳಿ ಕಳ್ಳನ ಉಪಾಯಗಳೂ ಇವೆ. ಹುಡುಗನನ್ನು ಕೇಳಿ ನೋಡಿ: ಇಳಿಸಿದ ಜಿಪ್‌ಗೆ ಪಾಸ್‌ವರ್ಡ್ ಇತ್ತೇ, ಆ ಪಾಸ್‌ವರ್ಡ್ ಪುಟದಲ್ಲೇ ಬರೆದಿತ್ತೇ? ಬೀಗ ಹಾಕಿದ ಜಿಪ್‌ನ ಒಳಗೆ ಸ್ಕ್ಯಾನರ್ ಇಣುಕಲಾರದು. ಪಾಸ್‌ವರ್ಡ್ ಇಟ್ಟದ್ದು ಅದಕ್ಕೇ. ಜಿಪ್ 5 ಎಂಬಿ ಇದ್ದು ಬಿಚ್ಚಿದಾಗ ಒಳಗಿನ ಸೆಟಪ್ ಫೈಲ್ 700 ಎಂಬಿ ಆಯಿತೇ? ಒಳಗೆ ಬರೀ ಸೊನ್ನೆಗಳನ್ನು ತುಂಬಿ ಉಬ್ಬಿಸಿರುತ್ತಾರೆ. ಬಹಳ ದೊಡ್ಡ ಫೈಲನ್ನು ಎಷ್ಟೋ ಸ್ಕ್ಯಾನರುಗಳು ನೋಡದೆ ಬಿಡುತ್ತವೆ. ಪರೀಕ್ಷೆಗೆ ಕಳಿಸೋಣವೆಂದರೆ ವೈರಸ್‌ಟೋಟಲ್‌ನಂಥ ಸೈಟಿನ ಮಿತಿ 650 ಎಂಬಿ. ‘ಮೊದಲು ಆಂಟಿವೈರಸ್ ಆಫ್ ಮಾಡಿ, ಇಲ್ಲದಿದ್ದರೆ ಕ್ರ್ಯಾಕ್ ಕೆಲಸ ಮಾಡುವುದಿಲ್ಲ’ ಎಂದೂ ಅಲ್ಲಿ ಬರೆದಿರಬಹುದು. ಎಲ್ಲಕ್ಕಿಂತ ಸುಲಭದ ಉಪಾಯ ಅದೇ.

ಇನ್ನೊಂದು ಕಾರಣ, ಹುಡುಕಲು ಅಲ್ಲಿ ಏನೂ ಉಳಿದಿಲ್ಲ. ಎಷ್ಟೋ ಸ್ಟೀಲರುಗಳು ನಿಮಿಷದೊಳಗೆ ದೋಚಿ, ಕಳಿಸಿ, ತಮ್ಮನ್ನು ತಾವೇ ಅಳಿಸಿಕೊಳ್ಳುತ್ತವೆ. ಮೂರು ದಿನದ ಮೇಲೆ ಸ್ಕ್ಯಾನ್ ಮಾಡಿದರೆ ಖಾಲಿ ಮನೆ ಕಾಣುತ್ತದೆ. ‘ಏನೂ ಸಿಗಲಿಲ್ಲ’ ಎಂದರೆ ಏನೂ ಆಗಿರಲಿಲ್ಲ ಎಂದಲ್ಲ.

ಬ್ರೌಸರ್ ಪಾಸ್‌ವರ್ಡುಗಳನ್ನು ಗೂಢಲಿಪಿಯಲ್ಲಿಯೇ ಇಡುತ್ತದಲ್ಲ ಎಂದು ಕೇಳುತ್ತೀರಿ. ಇಡುತ್ತದೆ, ಆದರೆ ಅದರ ಕೀಲಿಯನ್ನು ವಿಂಡೋಸ್ ಕೈಗೆ ಕೊಟ್ಟಿರುತ್ತದೆ. ವಿಂಡೋಸ್ ‘ಕೇಳುತ್ತಿರುವುದು ಇದೇ ಯೂಸರಿನ ಪ್ರೋಗ್ರಾಂ’ ಎಂಬುದನ್ನಷ್ಟೇ ನೋಡಿ ಬಿಚ್ಚಿಕೊಡುತ್ತದೆ. ನಿಮ್ಮ ಹುಡುಗ ಡಬಲ್ ಕ್ಲಿಕ್ ಮಾಡಿದ ಕ್ರ್ಯಾಕ್ ಕೂಡ ಅದೇ ಯೂಸರಿನ ಪ್ರೋಗ್ರಾಂ. ಬೀರುವಿಗೆ ಬೀಗ ಹಾಕಿ ಕೀಲಿಯನ್ನು ಪಕ್ಕದ ಮೊಳೆಗೆ ನೇತುಹಾಕಿದ ಹಾಗೆ. 2024ರ ಜುಲೈನಲ್ಲಿ ಬಂದ ಕ್ರೋಮ್ 127ರಿಂದ ವಿಂಡೋಸ್‌ನಲ್ಲಿ ಕುಕಿಗಳ ಕೀಲಿಯನ್ನು ಕ್ರೋಮ್‌ಗೆ ಮಾತ್ರ ಕೊಡುವ ಏರ್ಪಾಟು ಬಂತು. ಎರಡೇ ತಿಂಗಳಲ್ಲಿ ಸ್ಟೀಲರ್ ಮಾರಾಟಗಾರರು ‘ಅದನ್ನೂ ದಾಟಿದ್ದೇವೆ’ ಎಂದು ಜಾಹೀರಾತು ಹಾಕಿದರು. ಹಾಗೆಂದು ಆ ಏರ್ಪಾಟು ವ್ಯರ್ಥವಲ್ಲ. ದಾಟಲು ಈಗ ಮೊದಲಿಗಿಂತ ಹೆಚ್ಚು ಗದ್ದಲ ಮಾಡಬೇಕು, ಎಷ್ಟೋ ಸಲ ಅಡ್ಮಿನ್ ಹಕ್ಕೂ ಬೇಕು; ಆ ಗದ್ದಲವನ್ನು ಆಂಟಿವೈರಸ್ ಹಿಡಿಯುವ ಸಾಧ್ಯತೆ ಹೆಚ್ಚು. ನಾಲ್ಕೂ ಕಂಪ್ಯೂಟರಿನಲ್ಲಿ ಕ್ರೋಮ್ ಅಪ್‌ಡೇಟ್ ಆಗಿದೆಯೇ ನೋಡಿ.

ಪಾಸ್‌ವರ್ಡ್ ಬದಲಿಸಿದರೂ ಮತ್ತೆ ಹೇಗೆ ಬಂದರು

ಎಲ್ಲಕ್ಕಿಂತ ಸಂಭವನೀಯ ಕಾರಣ: ಹೊಸ ಪಾಸ್‌ವರ್ಡನ್ನು ಅದೇ ಕಂಪ್ಯೂಟರಿನಲ್ಲಿ ಕೂತು ಟೈಪ್ ಮಾಡಿದ್ದೀರಿ. ಸ್ಟೀಲರ್ ಒಂಟಿಯಾಗಿ ಬರುವುದು ಕಡಿಮೆ. ಅದನ್ನು ಹೊತ್ತು ತಂದ ‘ಲೋಡರ್’ ಹಿಂದೆಯೇ ಇನ್ನೊಂದು ಮತ್ತೊಂದನ್ನು ಇಳಿಸಿರಬಹುದು. ಎರಡನೆಯ ಕಾರಣ, ಒಳಗೆ ಹೊಕ್ಕವನು ಹಿಂಬಾಗಿಲು ಮಾಡಿಕೊಂಡಿರಬಹುದು. ತನ್ನದೊಂದು ರಿಕವರಿ ಮೇಲ್, ಒಂದು ಫಾರ್ವರ್ಡ್, ಒಂದು ಹೊರಗಿನ ಆಪ್‌ಗೆ ಕೊಟ್ಟ ಅನುಮತಿ. ಮೂರನೆಯದು ಕುಕಿಯ ಆಟ. 2023ರ ಕೊನೆಯಲ್ಲಿ ಬೆಂಗಳೂರಿನಲ್ಲಿ ಕಚೇರಿಯಿರುವ ಕ್ಲೌಡ್‌ಸೆಕ್ ಸಂಸ್ಥೆಯವರು ಒಂದು ವಿಷಯ ಹೊರಗೆಡಹಿದರು. ಲುಮ್ಮಾ ಸೇರಿದಂತೆ ಹಲವು ಸ್ಟೀಲರುಗಳು ಕ್ರೋಮ್‌ನಿಂದ ಕದ್ದ ಟೋಕನ್ (ಲಾಗಿನ್ ಗುರುತಿನ ಸಂಕೇತ) ಒಂದನ್ನು ಬಳಸಿ, ಪಾಸ್‌ವರ್ಡ್ ಬದಲಾದ ಮೇಲೂ ಗೂಗಲ್ ಕುಕಿಯನ್ನು ಮತ್ತೆ ಹುಟ್ಟಿಸಿಕೊಳ್ಳುತ್ತಿದ್ದವು. ಗೂಗಲ್ ಆಗ ಹೇಳಿದ ಪರಿಹಾರ ಸರಳ: ಆ ಬ್ರೌಸರಿನಿಂದ ಸೈನ್ ಔಟ್ ಆಗಿ, ಇಲ್ಲವೇ ಡಿವೈಸ್ ಪಟ್ಟಿಯಿಂದ ಅದನ್ನು ಹೊರಹಾಕಿ. ಪಾಸ್‌ವರ್ಡ್ ಬದಲಾವಣೆಯ ಜೊತೆಗೆ ಈ ಹೊರಹಾಕುವ ಕೆಲಸ ಆಗದಿದ್ದರೆ, ಕಳ್ಳ ಒಳಗಿರುವಾಗಲೇ ಹೊರಗಿನಿಂದ ಹೊಸ ಬೀಗ ಹಾಕಿದಂತೆ.

ಈಗ ಮಾಡುವ ಕೆಲಸ, ಇದೇ ಕ್ರಮದಲ್ಲಿ

ಗ್ರಾಹಕರು ಯಾರಾದರೂ ಆ ‘ಹೊಸ ಖಾತೆ’ಗೆ ಹಣ ಹಾಕಿದ್ದರೆ ಅದು ಮೊದಲು. ಅವರು ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ವ್ಯವಹಾರದ ಸಂಖ್ಯೆ, ಸಮಯ, ಮೊತ್ತ ಕೊಡಲಿ. ಹಣ ಖಾತೆಯಿಂದ ಖಾತೆಗೆ ಹಾರುವ ಮುಂಚೆ ತಡೆಹಿಡಿಯಲು ಇರುವ ಮುಖ್ಯ ದಾರಿ ಅದು. ಉಳಿದ ಗ್ರಾಹಕರಿಗೆಲ್ಲ ಫೋನ್ ಮಾಡಿ ಹೇಳಿ. ಮೇಲ್ ಮಾಡಬೇಡಿ, ಅದನ್ನು ಅವರು ಈಗ ನಂಬಬಾರದು.

ಆ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡುವ ಆತುರ ಬೇಡ. ದೂರು ಕೊಡುವುದಾದರೆ ಹಳೆಯ ಡಿಸ್ಕನ್ನೇ ಬಿಚ್ಚಿ, ಮೇಲೆ ತಾರೀಖು ಬರೆದು ಎತ್ತಿಡಿ. 256 ಜಿಬಿಯ ಹೊಸ ಎಸ್‌ಎಸ್‌ಡಿ ಹಾಕಿ ವಿಂಡೋಸ್ ಹೊಸದಾಗಿ ಕೂರಿಸಿ. ಸಾಕ್ಷ್ಯವೂ ಉಳಿಯುತ್ತದೆ, ಬೇಕಾದ ಕಡತ ಆಮೇಲೆ ತೆಗೆಯಲೂ ಬರುತ್ತದೆ. ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವ್ 8 ಜಿಬಿಯದಾದರೂ ಇರಲಿ, ಅದನ್ನು ಸೋಂಕಿಲ್ಲದ ಯಂತ್ರದಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದಲೇ ತಯಾರಿಸಿ. ‘ಅಂಗಡಿಯವನ ಬಳಿ ವಿಂಡೋಸ್ ಪೆನ್‌ಡ್ರೈವ್ ಇದೆ’ ಎಂದು ಕ್ರ್ಯಾಕ್ ವಿಂಡೋಸ್ ಹಾಕಿಸಿಕೊಂಡರೆ ಬಂದ ದಾರಿಗೇ ಮರಳಿದಂತೆ. ಹಳೆಯ ಡಿಸ್ಕಿನಿಂದ ಎಕ್ಸೆಲ್, ಪಿಡಿಎಫ್, ಟ್ಯಾಲಿ ಡೇಟಾ ಫೋಲ್ಡರ್ ಇಷ್ಟನ್ನೇ ನಕಲು ಮಾಡಿ. ಸೆಟಪ್ ಫೈಲುಗಳು, ಜಿಪ್‌ಗಳು, ಬ್ರೌಸರ್ ಪ್ರೊಫೈಲು ಯಾವುದೂ ಬೇಡ.

ಇನ್ನು ಖಾತೆಗಳು. ಕ್ರ್ಯಾಕ್ ಮುಟ್ಟದ ಕಂಪ್ಯೂಟರಿನಲ್ಲಿ ಕೂತು ಮೊದಲು ಜಿಮೇಲ್. ಮಿಕ್ಕ ಎಲ್ಲದರ ಪಾಸ್‌ವರ್ಡ್ ರಿಸೆಟ್ ಬರುವುದು ಅಲ್ಲಿಗೇ. ಗೂಗಲ್ ಅಕೌಂಟಿನ ಸೆಕ್ಯುರಿಟಿ ಪುಟದಲ್ಲಿ ‘ಯುವರ್ ಡಿವೈಸಸ್’ ತೆರೆದು ನಿಮ್ಮ ಎದುರಿರುವುದನ್ನು ಬಿಟ್ಟು ಎಲ್ಲವನ್ನೂ ಸೈನ್ ಔಟ್ ಮಾಡಿ. ನಿಮ್ಮದೇ ಹಳೆಯ ಕಂಪ್ಯೂಟರಿನ ಹೆಸರಿದ್ದರೂ ಕನಿಕರ ಬೇಡ. ಕದ್ದ ಕುಕಿ ಅದೇ ಹೆಸರಿನಲ್ಲಿ ಕಾಣಿಸಬಹುದು. ಆಮೇಲೆ ಪಾಸ್‌ವರ್ಡ್ ಬದಲಿಸಿ. ರಿಕವರಿ ಫೋನ್, ರಿಕವರಿ ಮೇಲ್ ನಿಮ್ಮದೇ ಹೌದೇ ನೋಡಿ. ಬ್ಯಾಕಪ್ ಕೋಡ್ 10ನ್ನೂ ರದ್ದು ಮಾಡಿ ಹೊಸದು ಪಡೆಯಿರಿ. ಹೊರಗಿನ ಆಪ್‌ಗಳಿಗೆ ಕೊಟ್ಟ ಅನುಮತಿಯಲ್ಲಿ ಗುರುತು ಸಿಗದ್ದನ್ನು ತೆಗೆಯಿರಿ.

ಜನ ಮರೆಯುವುದು ಇದರ ಮುಂದಿನ ಹೆಜ್ಜೆಯನ್ನು. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ‘ಫಿಲ್ಟರ್ಸ್’ ಮತ್ತು ‘ಫಾರ್ವರ್ಡಿಂಗ್’ ಎರಡನ್ನೂ ನೋಡಿ. ‘ಬ್ಯಾಂಕ್’, ‘ಪೇಮೆಂಟ್’ ಎಂಬ ಪದವಿರುವ ಮೇಲ್ ಬಂದರೆ ಓದಿದ್ದೆಂದು ಗುರುತು ಹಾಕಿ ನೇರ ಟ್ರ್ಯಾಶ್‌ಗೆ ಎಸೆಯುವ ಫಿಲ್ಟರನ್ನು ಕಳ್ಳ ಹಾಕಿಟ್ಟಿರಬಹುದು. ‘ಸರ್, ಈ ಖಾತೆ ನಿಮ್ಮದೇನಾ?’ ಎಂದು ಗ್ರಾಹಕರು ಕೇಳಿದ ಮೇಲ್ ನಿಮಗೆ ಕಾಣದಿರಲು ಅದೇ ಕಾರಣವಾಗುತ್ತದೆ. ಫೋನಿನ ಜಿಮೇಲ್ ಆಪ್‌ನಲ್ಲಿ ಫಿಲ್ಟರುಗಳ ಪಟ್ಟಿ ಕಾಣುವುದಿಲ್ಲ, ಕಂಪ್ಯೂಟರಿನ ಬ್ರೌಸರಿನಲ್ಲಿಯೇ ತೆರೆಯಬೇಕು. ಮೈಕ್ರೋಸಾಫ್ಟ್ ಖಾತೆಯಿದ್ದರೆ ‘ಸೈನ್ ಔಟ್ ಎವ್ರಿವೇರ್’ ಒತ್ತಿ; ಅದು ಎಲ್ಲ ಕಡೆ ಜಾರಿಯಾಗಲು 24 ಗಂಟೆವರೆಗೆ ಹಿಡಿಯಬಹುದು.

ಜಿಮೇಲ್ ಆದ ಮೇಲೆ ಬ್ಯಾಂಕು, ಆನಂತರ ಆದಾಯ ತೆರಿಗೆ ಮತ್ತು ಜಿಎಸ್‌ಟಿ ಪೋರ್ಟಲಿನ ಗ್ರಾಹಕರ ಲಾಗಿನ್‌ಗಳು. ಆ ಬ್ರೌಸರಿನಲ್ಲಿ ಉಳಿಸಿದ್ದ ಪ್ರತಿಯೊಂದೂ ಹೋಗಿದೆ ಎಂದೇ ಲೆಕ್ಕ ಹಿಡಿಯಿರಿ. ಇದು ಬೇಸರದ ಕೆಲಸ, ಒಂದು ದಿನ ಪೂರ್ತಿ ಹಿಡಿಯುತ್ತದೆ. ಪಟ್ಟಿ ಬರೆದುಕೊಂಡು ಒಬ್ಬರು ಓದುತ್ತ, ಒಬ್ಬರು ಬದಲಿಸುತ್ತ ಹೋದರೆ ತಪ್ಪುವುದಿಲ್ಲ. ಪ್ರತಿ ಪೋರ್ಟಲಿನಲ್ಲೂ ನೋಂದಾಯಿತ ಮೊಬೈಲ್, ಮೇಲ್, ರಿಫಂಡಿನ ಬ್ಯಾಂಕ್ ಖಾತೆ ಬದಲಾಗಿದೆಯೇ ಎಂದು ಕಣ್ಣಾಡಿಸಿ. ಆದಾಯ ತೆರಿಗೆ ಪೋರ್ಟಲಿನಲ್ಲಿ ‘ಇ-ಫೈಲಿಂಗ್ ವಾಲ್ಟ್’ ಎಂಬುದೊಂದಿದೆ. ಅದನ್ನು ಆನ್ ಮಾಡಿದರೆ ಬರೀ ಪಾಸ್‌ವರ್ಡಿನಿಂದ ಲಾಗಿನ್ ಆಗುವುದಿಲ್ಲ. ಆಧಾರ್ ಒಟಿಪಿಯೋ ಡಿಎಸ್‌ಸಿಯೋ ನೆಟ್‌ಬ್ಯಾಂಕಿಂಗೋ ಬೇಕು. ಪ್ರತಿ ಸಲ ಗ್ರಾಹಕರಿಗೆ ಫೋನ್ ಮಾಡಿ ಒಟಿಪಿ ಕೇಳುವ ರಗಳೆ ನಿಮಗೆ ಹೆಚ್ಚುತ್ತದೆ, ಆದರೂ ದೊಡ್ಡ ಗ್ರಾಹಕರಿಗಾದರೂ ಹಾಕಿಸಿ.

ಡಿಎಸ್‌ಸಿ ಟೋಕನಿನ ವಿಷಯದಲ್ಲಿ ಅರ್ಧ ಸಮಾಧಾನ. ಅದರ ಖಾಸಗಿ ಕೀ ಚಿಪ್ಪಿನ ಒಳಗಿದ್ದು, ಫೈಲಿನಂತೆ ಕದ್ದೊಯ್ಯಲು ಬರುವುದಿಲ್ಲ. ಆದರೆ ಟೋಕನ್ ದಿನವಿಡೀ ಚುಚ್ಚಿಯೇ ಇದ್ದು, ಪಿನ್ ಕೀಬೋರ್ಡಿನಲ್ಲಿ ಹೊಡೆದದ್ದನ್ನು ಮಾಲ್‌ವೇರ್ ನೋಡಿಕೊಂಡು, ಯಂತ್ರವನ್ನು ದೂರದಿಂದ ಆಡಿಸುವವನೂ ಇದ್ದರೆ ನಿಮ್ಮ ಗ್ರಾಹಕರ ಸಹಿ ಅವನದೇ. ಪಿನ್ ಬದಲಿಸಿ. ಸಹಿಯ ಹೊತ್ತಿಗೆ ಮಾತ್ರ ಚುಚ್ಚಿ, ಮುಗಿದೊಡನೆ ತೆಗೆಯಿರಿ.

ದೂರನ್ನು ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ದಾಖಲಿಸಿ, ಅದರ ಪ್ರತಿಯೊಂದಿಗೆ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಂಗಳಲ್ಲಿ ಇದು ಬರುತ್ತದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ನಿರ್ದೇಶನದಂತೆ ಇಂಥ ಘಟನೆಯನ್ನು ಗೊತ್ತಾದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು. ನಿಮ್ಮದು ತಡವಾಗಿದೆ, ಆದರೂ ತಿಳಿಸಿ.

ಮಿಕ್ಕ ಮೂರು ಕಂಪ್ಯೂಟರು? ಸ್ಟೀಲರ್ ಸಾಮಾನ್ಯವಾಗಿ ಕೇಬಲ್ ಹಿಡಿದು ಪಕ್ಕದ ಯಂತ್ರಕ್ಕೆ ಹರಿಯುವುದಿಲ್ಲ. ಹರಿಯುವುದು ಕ್ರೋಮ್ ಸಿಂಕ್. ನಾಲ್ಕರಲ್ಲೂ ಒಂದೇ ಗೂಗಲ್ ಖಾತೆಯಿಂದ ಕ್ರೋಮ್ ತೆರೆದಿದ್ದರೆ, ಮೂರರಲ್ಲಿ ಉಳಿಸಿದ ಪಾಸ್‌ವರ್ಡ್‌ಗಳೂ ನಾಲ್ಕನೆಯದರಲ್ಲಿ ಇದ್ದವು, ಅಲ್ಲಿಂದಲೇ ಹೋದವು. ಮನೆಯ ಲ್ಯಾಪ್‌ಟಾಪಿನಲ್ಲೂ ಅದೇ ಖಾತೆ ಇದೆಯೇ ನೋಡಿ. ಮಗ ಅಲ್ಲಿ ಗೇಮ್‌ನ ಚೀಟ್ ಇಳಿಸಿದರೆ ಕಚೇರಿಯ ಲಾಗಿನ್ ಹೋಗುತ್ತದೆ. 2023ರಲ್ಲಿ ಲಾಗಿನ್ ಭದ್ರತೆಯನ್ನೇ ಮಾರುವ ಓಕ್ಟಾ ಕಂಪನಿಗೆ ಕಳ್ಳರು ನುಗ್ಗಿದ ಬಗೆ ಕೂಡ ಇಂಥದ್ದೇ: ನೌಕರನೊಬ್ಬ ಕಚೇರಿಯ ಲ್ಯಾಪ್‌ಟಾಪಿನ ಕ್ರೋಮ್‌ನಲ್ಲಿ ತನ್ನ ಸ್ವಂತ ಗೂಗಲ್ ಪ್ರೊಫೈಲ್ ತೆರೆದಿದ್ದ, ಕಂಪನಿಯ ಪಾಸ್‌ವರ್ಡ್ ಅದರಲ್ಲಿ ಉಳಿದಿತ್ತು.

ಮುಂದಕ್ಕೆ

ನಾಲ್ಕು ಯಂತ್ರಗಳಲ್ಲೂ ದಿನದ ಕೆಲಸಕ್ಕೆ ಅಡ್ಮಿನ್ ಅಲ್ಲದ ಸ್ಟ್ಯಾಂಡರ್ಡ್ ಯೂಸರ್ ಇರಲಿ. ಅದರಿಂದ ಸ್ಟೀಲರ್ ನಿಲ್ಲುತ್ತದೆ ಎಂದು ಹೇಳಲಾರೆ. ಕದಿಯಲು ಅದಕ್ಕೆ ಅಡ್ಮಿನ್ ಹಕ್ಕು ಬೇಕೇ ಬೇಕೆಂದಿಲ್ಲ. ಆದರೆ ಬ್ಯಾಂಕಿಂಗ್ ಮತ್ತು ಪೋರ್ಟಲ್ ಕೆಲಸಕ್ಕೆ ಇನ್ನೊಂದು ಪ್ರತ್ಯೇಕ ವಿಂಡೋಸ್ ಯೂಸರ್ ಮಾಡಿಟ್ಟರೆ, ಮೊದಲನೆಯದರಲ್ಲಿ ತೆರೆದ ಕಸ ಎರಡನೆಯದರ ಬ್ರೌಸರ್ ಫೋಲ್ಡರನ್ನು ಓದಲಾರದು. ಪುಕ್ಕಟೆ, ಹತ್ತು ನಿಮಿಷದ ಕೆಲಸ, ಆದರೂ ಯಾರೂ ಮಾಡುವುದಿಲ್ಲ.

ಪಾಸ್‌ವರ್ಡನ್ನು ಬ್ರೌಸರಿನಲ್ಲಿ ಉಳಿಸುವುದನ್ನು ಬಿಟ್ಟು ಬಿಟ್‌ವಾರ್ಡನ್ ಅಥವಾ ಕೀಪಾಸ್‌ನಂಥ ಮ್ಯಾನೇಜರ್ ಬಳಸಿ. ಅದಕ್ಕೆ ಉದ್ದನೆಯ ಮಾಸ್ಟರ್ ಪಾಸ್‌ವರ್ಡ್ ಇಟ್ಟು, 5 ನಿಮಿಷ ಮುಟ್ಟದಿದ್ದರೆ ತಾನೇ ಬೀಗ ಬೀಳುವಂತೆ ಮಾಡಿ. ಸ್ಟೀಲರುಗಳು ಆ ಪೆಟ್ಟಿಗೆಯನ್ನೂ ಹೊತ್ತೊಯ್ಯುತ್ತವೆ; ಮಾಸ್ಟರ್ ಪಾಸ್‌ವರ್ಡ್ ನಾಲ್ಕಕ್ಷರದ್ದಾದರೆ ಆರಾಮವಾಗಿ ಮನೆಯಲ್ಲಿ ಕೂತು ಒಡೆಯುತ್ತಾರೆ.

ಲಾಗ್ ಔಟ್ ಮಾಡುವ ಅಭ್ಯಾಸ ಈ ವಿಷಯದಲ್ಲಿ ಜನ ಅಂದುಕೊಂಡಿದ್ದಕ್ಕಿಂತ ದೊಡ್ಡದು. ಟ್ಯಾಬ್ ಮುಚ್ಚಿದರೆ ಏನೂ ಆಗುವುದಿಲ್ಲ. ನಿಮ್ಮ ಬ್ರೌಸರಿನ ಕುಕಿ ಅಳಿಸಿದರೆ ನಿಮ್ಮ ಪ್ರತಿ ಮಾತ್ರ ಹೋಯಿತು, ಕಳ್ಳನ ಬಳಿಯದು ಜೀವಂತ. ಸೈಟಿನ ‘ಲಾಗ್ ಔಟ್’ ಒತ್ತಿದರೆ ಸಾಮಾನ್ಯವಾಗಿ ಸರ್ವರಿನ ಕಡೆಯಿಂದಲೇ ಆ ಸೆಷನ್ (ಲಾಗಿನ್ ಆಗಿರುವ ಸ್ಥಿತಿ) ಸಾಯುತ್ತದೆ, ಎರಡೂ ಪ್ರತಿಗಳು ರದ್ದಿಯಾಗುತ್ತವೆ. ಪಾಸ್‌ವರ್ಡಿನ ಬದಲು ಫೋನಿನಿಂದಲೋ ಯುಎಸ್‌ಬಿ ಕೀಲಿಯಿಂದಲೋ ಲಾಗಿನ್ ಆಗುವ ಪಾಸ್‌ಕೀ, ಸೆಕ್ಯುರಿಟಿ ಕೀ ಒಳ್ಳೆಯವೇ, ನಕಲಿ ಸೈಟಿಗೆ ಮೋಸಹೋಗುವುದನ್ನು ಅವು ತಪ್ಪಿಸುತ್ತವೆ. ಆದರೆ ಅವು ಕಾಯುವುದು ಬಾಗಿಲನ್ನು. ಒಳಹೋದ ಮೇಲಿನ ಕುಕಿಯನ್ನಲ್ಲ.

ಇನ್ನು ಒಂದು ಮೋಸವನ್ನು ಸಿಬ್ಬಂದಿಗೆ ಕರೆದು ತೋರಿಸಿಯೇ ಹೇಳಿ. 2024ರಿಂದ ಇದೇ ಹೆಚ್ಚು. ಯಾವುದೋ ಪುಟ ತೆರೆದಾಗ ‘ನೀವು ರೋಬೋ ಅಲ್ಲವೆಂದು ಸಾಬೀತುಪಡಿಸಿ’ ಎಂಬ ಚೌಕ ಬರುತ್ತದೆ. ಟಿಕ್ ಹಾಕಿದರೆ ಮೂರು ಸೂಚನೆ: ವಿಂಡೋಸ್ ಕೀ ಜೊತೆ ಆರ್ ಒತ್ತಿ, ಕಂಟ್ರೋಲ್ ಜೊತೆ ವಿ ಒತ್ತಿ, ಎಂಟರ್ ಒತ್ತಿ. ಟಿಕ್ ಹಾಕಿದ ಗಳಿಗೆಯಲ್ಲೇ ಆ ಪುಟ ಒಂದು ಕಮಾಂಡನ್ನು ನಿಮ್ಮ ಕ್ಲಿಪ್‌ಬೋರ್ಡಿಗೆ ತುರುಕಿರುತ್ತದೆ. ಮೊದಲ ಒತ್ತು ರನ್ ಪೆಟ್ಟಿಗೆ ತೆರೆಯುತ್ತದೆ, ಎರಡನೆಯದು ಅದನ್ನು ಅಂಟಿಸುತ್ತದೆ, ಮೂರನೆಯದು ಸ್ಟೀಲರನ್ನು ಇಳಿಸಿ ಓಡಿಸುತ್ತದೆ. ಪೆಟ್ಟಿಗೆ ಚಿಕ್ಕದು, ಆದ್ದರಿಂದ ಕಮಾಂಡಿನ ಬಾಲದಲ್ಲಿರುವ ‘ನಾನು ರೋಬೋ ಅಲ್ಲ’ ಎಂಬ ಮಾತಷ್ಟೇ ಕಣ್ಣಿಗೆ ಬೀಳುತ್ತದೆ. ಫೈಲು ಇಳಿಸಿದ್ದು ನೀವೇ, ಓಡಿಸಿದ್ದೂ ನೀವೇ. ಬ್ರೌಸರಿನ ಎಚ್ಚರಿಕೆ ಬರಲು ಎಡೆಯೇ ಇಲ್ಲ. ಯಾವ ನಿಜವಾದ ಕ್ಯಾಪ್ಚಾವೂ ವಿಂಡೋಸ್ ಕೀ ಒತ್ತಲು ಹೇಳುವುದಿಲ್ಲ. ವಿಂಡೋಸ್ ಪ್ರೊ ಇದ್ದರೆ ಗ್ರೂಪ್ ಪಾಲಿಸಿಯ ‘ಸ್ಟಾರ್ಟ್ ಮೆನು ಅಂಡ್ ಟಾಸ್ಕ್‌ಬಾರ್’ ವಿಭಾಗದಲ್ಲಿ ‘ರಿಮೂವ್ ರನ್ ಮೆನು’ ಆನ್ ಮಾಡಿ, ಆ ಪೆಟ್ಟಿಗೆಯೇ ತೆರೆಯದಂತೆ ಮಾಡಬಹುದು. ಹೋಮ್ ಆವೃತ್ತಿಯಲ್ಲಿ ಗ್ರೂಪ್ ಪಾಲಿಸಿ ಇಲ್ಲ. ಜೊತೆಗೆ ಜೆಎಸ್, ವಿಬಿಎಸ್, ಎಚ್‌ಟಿಎ ಎಂದು ಕೊನೆಗೊಳ್ಳುವ ಫೈಲುಗಳು (ತೆರೆದೊಡನೆ ಓಡುವ ಸ್ಕ್ರಿಪ್ಟುಗಳು) ನೋಟ್‌ಪ್ಯಾಡಿನಲ್ಲಿ ತೆರೆಯುವಂತೆ ‘ಡಿಫಾಲ್ಟ್ ಆಪ್ಸ್’ನಲ್ಲಿ ಬದಲಿಸಿಡಿ. ಯಾರಾದರೂ ತಪ್ಪಿ ಒತ್ತಿದರೆ ಅರ್ಥವಾಗದ ಅಕ್ಷರಗಳು ಕಾಣುತ್ತವೆ, ಅಷ್ಟೇ. ಫೈಲಿನ ಬಾಲ ಕಾಣುವಂತೆ ಎಕ್ಸ್‌ಪ್ಲೋರರಿನಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಟಿಕ್ ಮಾಡಿ. ‘ಇನ್‌ವಾಯ್ಸ್ ಪಿಡಿಎಫ್’ ಎಂದು ಕಂಡದ್ದರ ನಿಜವಾದ ಬಾಲ ಇಎಕ್ಸ್‌ಇ, ಅಂದರೆ ಓಡುವ ಪ್ರೋಗ್ರಾಂ ಎಂದು ಆಗ ಗೊತ್ತಾಗುತ್ತದೆ.

ರೂಟರಿನಲ್ಲಿ ಡಿಎನ್‌ಎಸ್ (ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ) ಅನ್ನು 9.9.9.9 ಅಥವಾ 1.1.1.2ಕ್ಕೆ ಬದಲಿಸಿದರೆ ಗೊತ್ತಿರುವ ದುಷ್ಟ ಡೊಮೇನ್‌ಗಳು ತೆರೆಯುವುದಿಲ್ಲ. ಇದನ್ನು ಬೇಲಿ ಎಂದುಕೊಳ್ಳಿ, ಗೋಡೆ ಎಂದಲ್ಲ. ಕೆಲವು ಸ್ಟೀಲರುಗಳು ತಮ್ಮ ಸರ್ವರಿನ ವಿಳಾಸವನ್ನು ಟೆಲಿಗ್ರಾಂ ಅಥವಾ ಸ್ಟೀಮ್ ಎಂಬ ಗೇಮ್ ಸೈಟಿನ ಪ್ರೊಫೈಲಿನಲ್ಲಿ ಬರೆದಿಟ್ಟು ಅಲ್ಲಿಂದ ಓದಿಕೊಳ್ಳುತ್ತವೆ, ಆ ಸೈಟುಗಳನ್ನು ಯಾವ ಪಟ್ಟಿಯೂ ತಡೆಯುವುದಿಲ್ಲ. ಕಚೇರಿಯ ಮೇಲ್ ವಿಳಾಸ ಸ್ಟೀಲರ್ ಲಾಗ್‌ಗಳಲ್ಲಿ ಬಂದಿದೆಯೇ ಎಂದು ‘ಹ್ಯಾವ್ ಐ ಬೀನ್ ಪೌನ್ಡ್’ ಸೈಟಿನಲ್ಲಿ ನೋಡಬಹುದು. 2025ರ ಫೆಬ್ರವರಿಯಲ್ಲಿ ಅದಕ್ಕೆ ಸೇರಿಸಿದ ಒಂದೇ ಕಂತಿನ ಲಾಗ್‌ಗಳಲ್ಲಿ 28 ಕೋಟಿಗೂ ಹೆಚ್ಚು ಮೇಲ್ ವಿಳಾಸಗಳಿದ್ದವು. ಅದರಲ್ಲಿ ಇಲ್ಲವೆಂದರೆ ಬಚಾವಾದಿರಿ ಎಂದಲ್ಲ, ನಿಮ್ಮ ಲಾಗ್ ಇನ್ನೂ ಖಾಸಗಿಯಾಗಿ ಮಾರಾಟದಲ್ಲಿರಬಹುದು.

ಇನ್ನು ಆ ಹುಡುಗ. ಬಿಡಿಸಬೇಡಿ. ಅವನನ್ನು ಬಿಡಿಸಿದರೆ ಮುಂದಿನವನು ಇಂಥದ್ದೇನಾದರೂ ಆದಾಗ ಬಾಯಿ ಬಿಡುವುದಿಲ್ಲ. ‘ಅಣ್ಣಾ, ಏನೋ ಒತ್ತಿಬಿಟ್ಟೆ’ ಎಂದು ಆ ಗಳಿಗೆಯಲ್ಲೇ ಬಂದು ಹೇಳಿದ್ದರೆ ಮೇಲ್ ಹೋಗುವ ಮುಂಚೆ ಎಲ್ಲ ಸೆಷನ್ ಕೊಲ್ಲಲು ನಿಮಗೆ ಮೂರು ದಿನ ಇತ್ತು. ಅವನಿಗೆ ಪಿಡಿಎಫ್ ಎಡಿಟರ್ ಬೇಕಾಗಿದ್ದು ಯಾತಕ್ಕೆ ಎಂದು ಕೇಳಿ. ಬಹುಶಃ ನಾಲ್ಕು ಪಿಡಿಎಫ್ ಒಟ್ಟು ಮಾಡಿ ಪೋರ್ಟಲಿಗೆ ಏರಿಸುವುದಕ್ಕೆ. ಒಟ್ಟು ಮಾಡಲು, ಬೇರ್ಪಡಿಸಲು ಪಿಡಿಎಫ್‌ಸ್ಯಾಮ್ ಬೇಸಿಕ್, ಸಣ್ಣಪುಟ್ಟ ತಿದ್ದುಪಡಿಗೆ ಲಿಬ್ರೆಆಫೀಸ್ ಡ್ರಾ. ಎರಡೂ ಪುಕ್ಕಟೆ, ಎರಡನ್ನೂ ಅವುಗಳದೇ ಸೈಟಿನಿಂದ ಇಳಿಸಿ ನಾಲ್ಕೂ ಕಂಪ್ಯೂಟರಿಗೆ ನೀವೇ ಹಾಕಿಕೊಡಿ.